ನೂರ ಹದಿನೆಂಟನೇ ನಾಟಕದ ಎರಡನೇ ಪ್ರದರ್ಶನ

ಡ್ಯಾನ್ಯೂಬ್ ದಂಡೆಯ ತೊಪೊಲ್ನಾ ಊರಿನ ನಾಟಕಶಾಲೆಯಲ್ಲಿ ಯಾವೊರ್ ಮಿಹೊವ್‌ಗೆ ಸಿಕ್ಕಿದ್ದ ಹುದ್ದೆಯ ಹೆಸರು ಸಾಹಿತ್ಯ ಕಾರ್ಯದರ್ಶಿ. ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕವೂ ಇತ್ತು. ಅದರಲ್ಲಿದ್ದ ಹೆಸರು ಮಾತ್ರ ಅವನಿಗಿಂತ ಹಿಂದೆ ಇದ್ದವನದು. ಸ್ಕ್ರೂಗಳು ತುಕ್ಕು ಹಿಡಿದು ಫಲಕ ಬಿಚ್ಚಲು ಬರಲಿಲ್ಲವಾದ್ದರಿಂದ ಎರಡು ವರ್ಷ ಅವನು ಪರರ ಹೆಸರಿನ ಹಿಂದೆ ಕೂತೇ ಸಂಬಳ ಎಣಿಸಿದ. ಇಪ್ಪತ್ತೇಳು ವರ್ಷದ ಈ ಪದವೀಧರನ ಸಾಹಿತ್ಯಸೇವೆಯೆಂದರೆ ಬೆಳಿಗ್ಗೆ ಶಾಲೆಗಳಿಗೆ ಫೋನು ಮಾಡಿ ‘ಸೋಮಾರಿ ಕರಡಿ’ ನಾಟಕಕ್ಕೆ ಮಕ್ಕಳನ್ನು ಕಳಿಸಿ ಎಂದು ಗೋಗರೆಯುವುದು, ಮಧ್ಯಾಹ್ನ ಅಂಟಿನ ಬಕೆಟ್ಟು ಹಿಡಿದು ಊರ ಗೋಡೆಗಳಿಗೆ ಪೋಸ್ಟರು ಹಚ್ಚುವುದು.

ಅಲ್ಲಿಯೂ ಅವನಿಗೆ ಪೈಪೋಟಿ ಸತ್ತವರದು. ಯಾರಾದರೂ ತೀರಿಕೊಂಡರೆ ಫೋಟೋ ಹಾಕಿದ ಸಾವಿನ ಚೀಟಿ ಮನೆಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಬೀಳುತ್ತಿತ್ತು. ನಲವತ್ತನೇ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು, ವರ್ಷಕ್ಕೆ ಮಗದೊಂದು. ಊರಿನವರು ಚೀಲ ಕೆಳಗಿಟ್ಟು ನಿಂತು ಓದುತ್ತಿದ್ದದ್ದು ಅವನ್ನೇ. ಯಾವೊರ್ ತನ್ನ ಪೋಸ್ಟರನ್ನು ಯಾವುದಾದರೂ ಹಸಿ ಚೀಟಿಯ ಪಕ್ಕದಲ್ಲೇ ಹಚ್ಚುವುದನ್ನು ಕಲಿತಿದ್ದ. ಸತ್ತವರ ದಯೆಯಿಂದ ನಾಲ್ಕು ಕಣ್ಣು ಬಿದ್ದರೆ ಬೀಳಲಿ ಎಂದು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಒಂದು ಘನಕಾರ್ಯ ಮಾಡಿದ್ದ. ಅಗ್ನಿಶಾಮಕದವರು ತಪಾಸಣೆಗೆ ಬರುತ್ತಾರೆ, ವೇದಿಕೆಯ ಕೆಳಗೆ ತುಂಬಿರುವ ಕಾಗದವನ್ನೆಲ್ಲ ಸಾಗಿಸು ಎಂದು ಮ್ಯಾನೇಜರ್ ತ್ಸೋನೆವ್ ಹೇಳಿದ. ಹಗ್ಗ ಬಿಗಿದ ಕಟ್ಟುಗಳು. ಯಾವೊರ್ ಒಂದೇ ದಿನದಲ್ಲಿ ಅಷ್ಟನ್ನೂ ಹೊತ್ತು ರದ್ದಿ ಗೋದಾಮಿಗೆ ಹಾಕಿ ಬಂದ. ತ್ಸೋನೆವ್ ಬೆನ್ನು ತಟ್ಟಿದ. ಆ ನೌಕರಿಯಲ್ಲಿ ಅವನ ಬೆನ್ನು ಕಂಡ ಮೆಚ್ಚುಗೆ ಅದೊಂದೇ. ಅವು ಹಳೆಯ ನಾಟಕಗಳಲ್ಲಿ ಮಾತು ಮರೆತ ನಟರಿಗೆ ಮೆಲ್ಲಗೆ ಹೇಳಿಕೊಡುವ ಪ್ರಾಂಪ್ಟರ್‌ನ ಪ್ರತಿಗಳು, ಯಾವ ನಟ ಯಾವ ಮಾತಿಗೆ ತಡವರಿಸುತ್ತಾನೆ, ಯಾರು ಎಲ್ಲಿ ಉಸಿರೆಳೆಯುತ್ತಾರೆ ಎಂದು ಒಬ್ಬ ಹೆಂಗಸು ದಶಕಗಟ್ಟಲೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟ ಪ್ರತಿಗಳು ಎಂಬುದು ಅವನಿಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ಆ ಹೆಂಗಸು ನೆದೆಲ್ಕಾ ಪರುಶೆವಾ. ನಾಟಕಶಾಲೆಗೆಲ್ಲ ಚಿಕ್ಕಮ್ಮ.

ಎರಡು ಸಾವಿರದ ಹತ್ತರ ಶರತ್ಕಾಲದಲ್ಲಿ ರಾಜಧಾನಿಯಿಂದ ಒಂದು ಪತ್ರ ಬಂತು. ಪ್ರೇಕ್ಷಕರಿಲ್ಲದ ಸಣ್ಣ ನಾಟಕಶಾಲೆಗಳನ್ನು ದೊಡ್ಡ ಊರಿನವಕ್ಕೆ ಸೇರಿಸಲಾಗುವುದು. ಪ್ರತಿಯೊಂದು ನಾಟಕಶಾಲೆಯೂ ತಾನು ಹುಟ್ಟಿದಾಗಿನಿಂದ ಆಡಿದ ನಾಟಕಗಳ ಪೂರ್ಣ ಪಟ್ಟಿ ಕಳಿಸತಕ್ಕದ್ದು. ತ್ಸೋನೆವ್ ಪತ್ರವನ್ನು ಯಾವೊರ್‌ನ ಮೇಜಿನ ಮೇಲೆ ಹಾಕಿ, “ತಗೋ, ನಿನ್ನ ಹುದ್ದೆಗೆ ತಕ್ಕ ಕೆಲಸ ಕೊನೆಗೂ ಬಂತು,” ಎಂದ.

ಪೆಟ್ಟಿಗೆಯಲ್ಲಿದ್ದ ಹಳೆಯ ಪೋಸ್ಟರುಗಳಲ್ಲಿ ಅರ್ಧವನ್ನು ಇಲಿ ತಿಂದಿತ್ತು. ಹಾಗಾಗಿ ಯಾವೊರ್ ದಿನವೂ ಕಾಗದ ಹಿಡಿದು ಚಿಕ್ಕಮ್ಮನ ಹತ್ತಿರ ಹೋಗುತ್ತಿದ್ದ. ಆಕೆ ಕೂರುತ್ತಿದ್ದದ್ದು ವೇದಿಕೆಯ ಮುಂದಿನ ಅಂಚಿನಲ್ಲಿದ್ದ ಪ್ರಾಂಪ್ಟರ್‌ನ ಮರದ ಗೂಡಿನಲ್ಲಿ. ಕೆಳಗಿನಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ತೂರಿಕೊಂಡರೆ ತಲೆ ಮತ್ತು ಭುಜ ಮಾತ್ರ ವೇದಿಕೆಯ ಮಟ್ಟಕ್ಕೆ ಬರುತ್ತದೆ. ಜನರಿಗೆ ಗೂಡಿನ ಬೆನ್ನು ಕಾಣುತ್ತದೆ, ಒಳಗಿರುವವರಿಗೆ ನಟರ ಬೂಟು ಕಾಣುತ್ತದೆ. ನಾಟಕವಿಲ್ಲದ ದಿನವೂ ಆಕೆ ಅಲ್ಲೇ ಇರುತ್ತಿದ್ದಳು, ಲಿಂಡನ್ ಹೂವಿನ ಚಹಾದ ಫ್ಲಾಸ್ಕು ಇಟ್ಟುಕೊಂಡು. ಮನೆಯ ಒಲೆಗಿಂತ ಅಲ್ಲಿನ ದೀಪ ಬೆಚ್ಚಗೆ ಅನ್ನುತ್ತಿದ್ದಳು.

“ಏನಪ್ಪಾ ಸಾಹಿತ್ಯ, ಯಾವ ನಂಬರಿಗೆ ಬಂದೆ?”

“ಅರವತ್ತೊಂದಕ್ಕೆ ಚಿಕ್ಕಮ್ಮ. ಐವತ್ಮೂರನೇ ಇಸವಿ. ವೇದಿಕೆ ಮೇಲೆ ಟ್ರ್ಯಾಕ್ಟರ್ ತಂದಿದ್ರು ಅಂತ ಇದೆ.”

“ಅದು ನನಗಿಂತ ಮುಂಚೆ. ಆದ್ರೆ ಕೇಳಿದೀನಿ. ತಂದ್ರು, ಹೊರಗೆ ಹೋಗಲಿಲ್ಲ. ಮುಂದಿನ ಎರಡು ನಾಟಕದಲ್ಲೂ ಟ್ರ್ಯಾಕ್ಟರ್ ಇತ್ತು. ಒಂದು ರಾಜರ ಕಾಲದ್ದು. ಮೇಲೆ ರತ್ನಗಂಬಳಿ ಹಾಸಿ ಸಿಂಹಾಸನ ಮಾಡಿದ್ರಂತೆ. ಬರ್ಕೋ.”

ಅವನು ಬರೆದುಕೊಂಡ. ಮಧ್ಯೆ ಮಧ್ಯೆ ಆಕೆ ಕೆಮ್ಮುತ್ತಿದ್ದಳು. ನಲವತ್ತು ವರ್ಷ ಪರದೆಯ ಧೂಳು ಕುಡಿದ ಶ್ವಾಸಕೋಶ. ವೈದ್ಯರು ಆಗಲೇ ಕೈ ಚೆಲ್ಲಿದ್ದರು. ಆಕೆಯ ಕತೆಯೂ ಹೀಗೆ ನಂಬರುಗಳ ಸಂದಿಯಲ್ಲೇ ಅವನಿಗೆ ಸಿಕ್ಕಿತು. ಅಪ್ಪ ಬಂದರಿನ ಕ್ರೇನ್ ನಡೆಸುತ್ತಿದ್ದವ. ಎಪ್ಪತ್ತೊಂದರಲ್ಲಿ, ಇಪ್ಪತ್ತೆರಡರ ಹುಡುಗಿ, ನಟಿಯಾಗಲೆಂದು ಪರೀಕ್ಷೆ ಕೊಟ್ಟಳು. ದನಿ ಮೂರನೇ ಸಾಲು ದಾಟುವುದಿಲ್ಲ ಎಂದರು. ಮೂರನೇ ಸಾಲು ದಾಟಬಾರದ ದನಿಯ ಕೆಲಸವೊಂದು ಖಾಲಿ ಇತ್ತು, ಕೂರಿಸಿದರು. ಗಂಡ ನದಿಯ ಹೂಳೆತ್ತುವ ದೋಣಿಯಲ್ಲಿದ್ದ. ಮದುವೆಯಾದ ಆರನೇ ವರ್ಷ ಮಂಜು ಕವಿದ ಬೆಳಿಗ್ಗೆ ದೋಣಿಯಿಂದ ಬಿದ್ದ. ಮಣ್ಣು ಮಾಡಿದ ಮೂರನೇ ದಿನ ಆಕೆ ಗೂಡಿಗೆ ಬಂದಳು. ಹಾಸ್ಯ ನಾಟಕ, ಎರಡು ಗಂಟೆ, ಒಂದು ಮಾತೂ ಬಿಡಲಿಲ್ಲ.

ನವೆಂಬರಿನಲ್ಲಿ ಪಟ್ಟಿ ನೂರರ ಗಡಿ ದಾಟಿತು. ಅಂದು ಆಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೇಳಿದಳು:

“ನಮ್ಮ ದರ್ಜಿ ಮಿತ್ಕೊ ಸತ್ತಾಗ ಅವನನ್ನ ಎಲ್ಲಿಟ್ಟಿದ್ರು, ನೋಡಿದ್ಯಾ?”

ನೋಡಿದ್ದ. ಅಲ್ಲೊಂದು ಪದ್ಧತಿ. ನಟರು ಸತ್ತರೆ ಶವಪೆಟ್ಟಿಗೆಯನ್ನು ವೇದಿಕೆಯ ಮೇಲೆ ಇಡುತ್ತಾರೆ. ಹೊರಗೆ ಒಯ್ಯುವಾಗ ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ, ಪೆಟ್ಟಿಗೆ ಬೀದಿಗೆ ಬರುವ ತನಕ ನಿಲ್ಲಿಸುವುದಿಲ್ಲ. ಆದರೆ ಅದು ಪೋಸ್ಟರಿನಲ್ಲಿ ಹೆಸರು ಅಚ್ಚಾದವರಿಗೆ ಮಾತ್ರ. ದರ್ಜಿ, ಬಡಗಿ, ದೀಪದವರಿಗೆ ಹೊರಗಿನ ಹಜಾರದಲ್ಲಿ, ಪ್ರೇಕ್ಷಕರ ಕೋಟು ತೂಗುಹಾಕುವ ಜಾಗದ ಪಕ್ಕ ಅರ್ಧ ಗಂಟೆ. ಚಪ್ಪಾಳೆ ಇಲ್ಲ.

“ಕೋಟಿನ ನಂಬರ್ ಬಿಲ್ಲೆಗಳ ಕೆಳಗೆ ಮಲಗಿಸಿದ್ರು,” ಎಂದಳು ಚಿಕ್ಕಮ್ಮ. “ಯಾರೋ ಮರೆತು ಬಿಟ್ಟುಹೋದ ಕೋಟಿನ ಥರ ಇದ್ದ. ನನ್ನ ಅಲ್ಲಿಡಬೇಡಿ.”

“ಈಗ್ಯಾಕೆ ಚಿಕ್ಕಮ್ಮ ಆ ಮಾತು.”

“ಇನ್ಯಾವಾಗ, ಇಟ್ಟಮೇಲಾ? ನಾನೇನು ಸುಮ್ನೆ ಕೇಳ್ತಿಲ್ಲ. ವೇದಿಕೆ ಮೇಲೆ ಆಡಿದೀನಿ ನಾನು. ನಿನ್ನ ಪಟ್ಟೀಲಿ ನೂರ ಹದಿನೆಂಟು, ಎಪ್ಪತ್ತೊಂಬತ್ತನೇ ಇಸವಿ, ‘ಗಿರಣಿಯವನ ಸೊಸೆ’. ಎರಡನೇ ಪ್ರದರ್ಶನ.”

ಪರದೆ ಏಳಲು ಒಂದು ಗಂಟೆ ಇರುವಾಗ ನಾಯಕಿ ವಿಯೊಲೆತಾ ಹೊಟ್ಟೆ ಹಿಡಿದುಕೊಂಡು ಬಿದ್ದಳು, ಅಪೆಂಡಿಕ್ಸ್ ಒಡೆದಿತ್ತು. ಆಗ ಆಳುತ್ತಿದ್ದ ಪಕ್ಷದ ಸಮಿತಿಯವರು ಮುಂದಿನ ಸಾಲಿನಲ್ಲಿ ಕೂರುವವರಿದ್ದರು, ನಿಲ್ಲಿಸುವ ಹಾಗಿಲ್ಲ. ಆ ಪಾತ್ರದ ಮಾತೆಲ್ಲ ಬಲ್ಲವರು ಊರಲ್ಲಿ ಇನ್ನೊಬ್ಬರೇ. ನಿರ್ದೇಶಕ ಗಾನೆವ್ ಆಕೆಗೆ ವಿಗ್ಗು ತೊಡಿಸಿ, ಎರಡು ಬೆರಳು ಗಿಡ್ಡವಾದ ಲಂಗ ಉಡಿಸಿ ತಳ್ಳಿದ.

“ದನಿ?” ಎಂದ ಯಾವೊರ್.

“ಎಲ್ಲಿಂದ ಬಂತೋ. ಅವತ್ತು ಗೂಡು ಖಾಲಿ, ಹೇಳ್ಕೊಡೋರು ಯಾರೂ ಇಲ್ಲ. ಭಯಕ್ಕೆ ಒಬ್ಬರೂ ಮಾತು ಮರೀಲಿಲ್ಲ. ಎಂಟು ವರ್ಷ ಬರೀ ಬೂಟು ನೋಡಿದ್ದೆ. ಮೊದಲ ಸಲ ಮುಖ ನೋಡಿದೆ. ಜೊತೆಗೆ ಆಡ್ತಿದ್ದ ಪೆಂಚೊನ ಗಲ್ಲದಲ್ಲಿ ಗುಳಿ ಬೀಳುತ್ತೆ ಅಂತ ಅವತ್ತೇ ಗೊತ್ತಾಗಿದ್ದು.”

“ಚಪ್ಪಾಳೆ ಬಿತ್ತಾ?”

“ವಿಯೊಲೆತಾಗೆ ಬಿತ್ತು. ಅನುಮತಿ ಇಲ್ದೆ ಬದಲಿ ಹಾಕಿದ್ರೆ ಗಾನೆವ್ ಕೆಲಸ ಹೋಗ್ತಿತ್ತು, ಅದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಆದ್ರೆ ಮನುಷ್ಯ ಪ್ರಾಮಾಣಿಕ. ನನ್ನ ಪ್ರತೀಲಿ, ಕಡೇ ಹಾಳೇಲಿ, ಈ ದಿನ ಸೊಸೆ ಪಾತ್ರ ನೆದೆಲ್ಕಾ ಪರುಶೆವಾ ಮಾಡಿದ್ಳು ಅಂತ ಬರೆದು ಸಹಿ ಹಾಕ್ಕೊಟ್ಟ. ಈಗಿನ ಮ್ಯಾನೇಜರ್ ಕಾಗದ ಕೇಳೋನು. ಅದನ್ನ ತೋರ್ಸು.”

ಯಾವೊರ್‌ನ ಕೈಯ ಪೆನ್ನು ನಿಂತಿತು. ತೋರಿಸಬೇಕಾದ ಹಾಳೆಯನ್ನು ಅವನೇ ಹೊತ್ತು ರದ್ದಿಗೆ ಹಾಕಿ ಬಂದಿದ್ದ.

“ಚಿಕ್ಕಮ್ಮ, ಆ ಕಟ್ಟುಗಳು... ನಾನು ಬಂದ ಹೊಸದ್ರಲ್ಲಿ...”

“ಗೊತ್ತು. ಇಲ್ಲೇ ಕೂತಿದ್ದೆ ಅವತ್ತು. ನಿನ್ನ ಬೂಟು ಹೋಗೋದು ಬರೋದು ನೋಡ್ತಿದ್ದೆ. ಹದಿನಾಲ್ಕು ಸಲ.”

“ಮತ್ಯಾಕೆ ತಡೀಲಿಲ್ಲ?”

“ಮರೆತೋರಿಗೆ ಹೇಳ್ಕೊಡೋದು ನನ್ನ ಕೆಲಸ. ಗೊತ್ತೇ ಇಲ್ದೋರಿಗೆ ಹೇಳೋದು ಶಾಲೆ ಮೇಷ್ಟ್ರದ್ದು.” ಆಕೆ ಕೆಮ್ಮಿ, ಬಾಯಿ ಒರೆಸಿಕೊಂಡಳು. “ಅದೂ ಅಲ್ದೆ, ಅವೆಲ್ಲ ರದ್ದಿಗೆ ಹೋಗ್ತಿದಾವೆ ಅಂದ್ಕೊಳ್ಳಲಿಲ್ಲ ಕಣೋ. ಪಾಪ, ಹುಡುಗ ಓದೋಕೆ ಒಯ್ತಿದಾನೆ ಅಂದ್ಕೊಂಡೆ. ಸಾಹಿತ್ಯ ಅಲ್ವಾ ನೀನು.”

ಮರುದಿನ ಅವನು ರದ್ದಿ ಗೋದಾಮಿಗೆ ಹೋದ. ಅಲ್ಲಿನವ ಸೂರ್ಯಕಾಂತಿ ಬೀಜ ಉಗುಳುತ್ತಾ, “ಒಂದೂವರೆ ವರ್ಷದ ಹಿಂದಿನ ಕಾಗದವಾ? ನೀನು ಈ ಬೆಳಿಗ್ಗೆ ಮೂಗು ಒರೆಸಿದ್ದು ಅದ್ರಲ್ಲೇ ಇರಬೇಕು,” ಎಂದ. ಗಾನೆವ್ ಸತ್ತು ಹದಿನೈದು ವರ್ಷ. ಪೆಂಚೊ ಮಾಮ, ಇರುವ ನಟರಲ್ಲೇ ಹಿರಿಯ, ನೆನಪಿದೆ ಎಂದ. ಆದರೆ ತ್ಸೋನೆವ್‌ನ ಎದುರು ನಿಲ್ಲಿಸಿದಾಗ ಇಸವಿ ತಪ್ಪಿದ, ನಾಟಕದ ಹೆಸರೂ ತಪ್ಪಿದ. ಉಳಿದದ್ದು ವಿಯೊಲೆತಾ. ಎಪ್ಪತ್ತು ದಾಟಿದ ಆಕೆ ಚರ್ಚಿನ ಹಿಂದಿನ ಬೀದಿಯಲ್ಲಿದ್ದಳು. ನಡುಮನೆಯಲ್ಲಿ ನೂರ ಹದಿನೆಂಟರ ಪೋಸ್ಟರಿಗೆ ಗಾಜು ಹಾಕಿಸಿದ್ದಳು. ಚೆರ್ರಿ ಮುರಬ್ಬ, ತಣ್ಣೀರು ಕೊಟ್ಟು ಕೂರಿಸಿ ಯಾವೊರ್‌ನ ಮಾತನ್ನೆಲ್ಲ ಕೇಳಿದಳು.

“ನನ್ನ ಜೀವಮಾನದಲ್ಲಿ ಒಂದೂ ಪ್ರದರ್ಶನ ತಪ್ಪಿಸಿದವಳಲ್ಲ ಮಗಾ ನಾನು. ಅವತ್ತು ಹೊಟ್ಟೆ ನೋವಿತ್ತು, ನಿಜ. ನೋವಲ್ಲೇ ಆಡಿದೆ. ಊರೆಲ್ಲ ಎದ್ದು ನಿಂತಿತ್ತು.”

“ಆಸ್ಪತ್ರೆಗೆ ಸೇರಿಸಿದ್ರಂತೆ...”

“ಆಮೇಲೆ. ನಾಟಕ ಆದ್ಮೇಲೆ.” ಸುಳ್ಳು ಹೇಳುತ್ತಿದ್ದ ಹಾಗೆ ಕಾಣಲಿಲ್ಲ. ಮೂವತ್ತು ವರ್ಷದಿಂದ ಹೇಳಿ ಹೇಳಿ ಅದು ಆಕೆಗೆ ನಿಜವೇ ಆಗಿಹೋಗಿತ್ತು. “ನೆದೆಲ್ಕಾ ಒಳ್ಳೇ ಹೆಂಗಸು. ಗೂಡಲ್ಲಿದ್ದು ಒಂದೊಂದು ಮಾತೂ ಹೇಳ್ಕೊಟ್ಳು ಅವತ್ತು. ನನ್ನ ನಮಸ್ಕಾರ ಹೇಳು.”

ಯಾವೊರ್ ಆ ನಮಸ್ಕಾರವನ್ನು ತಲುಪಿಸಲಿಲ್ಲ.

ಫೆಬ್ರವರಿಯಲ್ಲಿ ಚಿಕ್ಕಮ್ಮನನ್ನು ಆಸ್ಪತ್ರೆಗೆ ಹಾಕಿದರು. ಯಾವೊರ್ ಚೀಸು ತುಂಬಿದ ಪದರದ ತಿಂಡಿ ಬಾನಿತ್ಸಾ ಕಟ್ಟಿಸಿಕೊಂಡು ಹೋಗಿದ್ದ, ಆಕೆ ತಿನ್ನಲಿಲ್ಲ. ಮಾತು ಮೊದಲನೇ ಸಾಲನ್ನೂ ಮುಟ್ಟುವ ಸ್ಥಿತಿಯಲ್ಲಿರಲಿಲ್ಲ. ಅವನು ಕಿವಿ ಹತ್ತಿರ ತಂದ.

“ಚಪ್ಪಾಳೆ ಯಾರು ಶುರು ಮಾಡ್ತಾರೆ ಗೊತ್ತಾ?”

“ಜನ ಚಿಕ್ಕಮ್ಮ. ಎಲ್ಲರೂ.”

“ಎಲ್ಲರೂ ಅಂದ್ರೆ ಯಾರೂ ಅಲ್ಲ. ಮುಂಚೆ ತಟ್ಟಿದ್ರೆ ಅಪಚಾರ, ತಡ ಆದ್ರೆ ಪೆಟ್ಟಿಗೆ ದಾಟಿರುತ್ತೆ. ಅಳೋ ಜನಕ್ಕೆ ಅದೆಲ್ಲ ತಿಳಿಯಲ್ಲ. ಪೆಟ್ಟಿಗೆ ನೆಲ ಬಿಟ್ಟ ತಕ್ಷಣ ನಾನು ಗೂಡಲ್ಲಿ ಎರಡು ತಟ್ತಿದ್ದೆ. ಮೆಲ್ಲಗೆ. ಹನ್ನೊಂದು ಜನರನ್ನ ಕಳಿಸಿದೀನಿ ಹಂಗೆ.”

ಹನ್ನೆರಡನೆಯದಕ್ಕೆ ಯಾರು ಎಂದು ಆಕೆ ಹೇಳಲಿಲ್ಲ. ಅವನೂ ಕೇಳಲಿಲ್ಲ. ಎರಡು ದಿನ ಬಿಟ್ಟು ಸತ್ತಳು.

“ಹಜಾರದಲ್ಲಿ ಇಡೋಣ,” ಎಂದ ತ್ಸೋನೆವ್. “ನಾಳೆ ಹತ್ತರಿಂದ ಹತ್ತೂವರೆ. ಹನ್ನೊಂದೂವರೆಗೆ ಶಾಲೆ ಬಸ್ಸು ಬರುತ್ತೆ, ಸೋಮಾರಿ ಕರಡಿಗೆ ನೂರಾ ನಲವತ್ತು ಮಕ್ಕಳು. ರಾಜಧಾನಿಯವರು ತಲೆ ಎಣಿಸ್ತಿರೋ ಹೊತ್ತಲ್ಲಿ ಒಂದು ಪ್ರದರ್ಶನ ಬಿಡೋ ಹಾಗಿಲ್ಲ.”

“ಸರ್, ಅವರು ಒಂದ್ಸಲ ವೇದಿಕೆ ಮೇಲೆ...”

“ಕಾಗದ ಇದೆಯಾ?”

“ಇಲ್ಲ ಸರ್.”

“ಕಾಗದ ಇಲ್ಲ, ನಿಯಮ ಇದೆ. ಚೀಟಿ ಅಚ್ಚು ಹಾಕಿಸಿ ಅಂಟಿಸ್ಬಿಡು.”

“ಆಯ್ತು ಸರ್,” ಎಂದ ಯಾವೊರ್. ಅವನಿಗೆ ಚೆನ್ನಾಗಿ ಬರುತ್ತಿದ್ದ ಮಾತು ಅದು. ಆ ಮಾತಿಗೆ ಯಾವತ್ತೂ ಪ್ರಾಂಪ್ಟರ್ ಬೇಕಾಗಿರಲಿಲ್ಲ.

ಹೇಳಿದ ಹಾಗೆಯೇ ಹಾಕಿಸುವುದೆಂದುಕೊಂಡೇ ಅವನು ಅಚ್ಚುಮನೆಗೆ ನಡೆದ. ಅಚ್ಚಿನವ ಕಪ್ಪು ಅಂಚಿನ ಮಾದರಿ ತೆರೆದು, ಹೆಸರು, ವಯಸ್ಸು ಹಾಕಿ, “ಎಲ್ಲಿ, ಎಷ್ಟು ಹೊತ್ತಿಗೆ?” ಎಂದ. ಯಾವೊರ್ ಬಾಯಿ ತೆರೆದಾಗ ಹಜಾರ ಎಂಬ ಮಾತು ಸಿಕ್ಕಲಿಲ್ಲ. ಧೈರ್ಯವೆಂದು ಆಮೇಲೆ ಕೆಲವರು ಹೇಳಿದರು. ಅವನಿಗಂತೂ ಅದು ಹದಿನಾಲ್ಕು ಸಲ ಹೋಗಿ ಬಂದ ಕಾಲಿನ ನೋವಿನ ಹಾಗಿತ್ತು.

“ಅಂತಿಮ ವಿದಾಯ, ನಾಟಕಶಾಲೆಯ ವೇದಿಕೆಯಿಂದ, ಬೆಳಿಗ್ಗೆ ಹತ್ತಕ್ಕೆ,” ಎಂದ.

ಅರವತ್ತು ಪ್ರತಿ ಹಾಕಿಸಿ ಕತ್ತಲಾಗುವ ಮುಂಚೆ ಊರೆಲ್ಲ ಹಚ್ಚಿದ. ಆ ಊರಿನಲ್ಲಿ ಪೋಸ್ಟರನ್ನು ನಂಬದವರೂ ಸಾವಿನ ಚೀಟಿಯನ್ನು ನಂಬುತ್ತಾರೆ. ಅಂಟಿಸಿದ ಚೀಟಿಯನ್ನು ಕೀಳುವ ಕೈ ಅಲ್ಲಿ ಯಾರಿಗೂ ಇಲ್ಲ, ಅದನ್ನು ಮಳೆಯೇ ತೊಳೆಯಬೇಕು. ತ್ಸೋನೆವ್ ಬೆಳಿಗ್ಗೆ ತನ್ನ ಮನೆಯ ಎದುರಿನ ಬಸ್ ನಿಲ್ದಾಣದಲ್ಲಿ ಅದನ್ನು ಓದಿದ. ಓದುತ್ತಿದ್ದ ಮೂವರು ಮುದುಕಿಯರು ಅವನತ್ತ ತಿರುಗಿ, “ಒಳ್ಳೇದು ಮಾಡಿದ್ರಿ ಸ್ವಾಮಿ, ವೇದಿಕೆ ಕೊಟ್ಟಿರಿ,” ಎಂದರು. ನಾಟಕಶಾಲೆಗೆ ಬಂದು ಅವನು ಯಾವೊರ್‌ನನ್ನು ಬಯ್ಯಲಿಲ್ಲ. ವೇದಿಕೆಯ ಬೀಗದಕೈ ಗೊಂಚಲನ್ನು ಮೇಜಿನ ಮೇಲೆ ಎಸೆದ, ಅಷ್ಟೇ.

ಸೋಮಾರಿ ಕರಡಿಯ ರಂಗಸಜ್ಜಿಕೆ ತೆಗೆಯಲು ಹೊತ್ತಿರಲಿಲ್ಲ. ಹಲಗೆಯ ಓಕ್ ಮರ, ಹಳದಿ ಬಣ್ಣದ ಜೇನುಗೂಡು, ಅವುಗಳ ನಡುವೆ ಚಿಕ್ಕಮ್ಮನ ಪೆಟ್ಟಿಗೆ. ಎಪ್ಪತ್ತು ಜನ ಬಂದಿದ್ದರು. ಈಚೆಗಿನ ಹೊಸ ನಾಟಕಕ್ಕೂ ಅಷ್ಟು ಬಂದಿರಲಿಲ್ಲ. ವಿಯೊಲೆತಾ ಕಪ್ಪು ಟೊಪ್ಪಿಗೆ ಹಾಕಿ ಮೊದಲ ಸಾಲಿನಲ್ಲಿ ಕೂತಿದ್ದಳು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಪೆಂಚೊ ಮಾಮ ಮಾತಾಡಲು ಎದ್ದ.

“ನೆದೆಲ್ಕಾ,” ಎಂದ. “ಮೂವತ್ತೊಂಬತ್ತು ವರ್ಷ ನೀನು ಕೆಳಗೆ ಕೂತು ನಮ್ಮನ್ನ...”

ನಿಂತ. ಇಪ್ಪತ್ತು ವರ್ಷದಿಂದ ಎಲ್ಲ ನಾಟಕದಲ್ಲೂ ನಿಲ್ಲುತ್ತಿದ್ದ ಹಾಗೆಯೇ ನಿಂತು, ಅಭ್ಯಾಸಬಲದಿಂದ ಕಣ್ಣನ್ನು ಗೂಡಿನ ಕಡೆ ಇಳಿಸಿದ. ಎಲ್ಲರೂ ಅತ್ತ ನೋಡಿದರು. ಗೂಡಿನಲ್ಲಿ ಆಕೆಯ ದಿಂಬು, ಫ್ಲಾಸ್ಕು ಇದ್ದವು. ಪೆಂಚೊ ಕಾಯುತ್ತಲೇ ಇದ್ದ. ಗಲ್ಲ ನಡುಗಿ ಗುಳಿ ಬಿತ್ತು. ಕೊನೆಗೆ ಅವನು ವಾಕ್ಯವನ್ನು ಅಲ್ಲೇ ಬಿಟ್ಟು ಪೆಟ್ಟಿಗೆಯ ಅಂಚು ಮುಟ್ಟಿ ಹಿಂದೆ ಸರಿದ.

ಅಲ್ಲಿ ಪೆಟ್ಟಿಗೆಯನ್ನು ತೆರೆದೇ ಒಯ್ಯುತ್ತಾರೆ, ಮುಚ್ಚಳ ಹಿಡಿದು ಮುಂದೆ ನಡೆಯುವವರು ಇಬ್ಬರು ಬೇಕು. ಒಬ್ಬ ದೀಪದವನು, ಇನ್ನೊಬ್ಬ ಯಾವೊರ್. ನಾಲ್ವರು ನಟರು ಪೆಟ್ಟಿಗೆ ಎತ್ತಿದರು. ಯಾವೊರ್‌ಗೆ ಬೆನ್ನ ಹಿಂದೆ ಬೂಟುಗಳ ಸದ್ದು ಕೇಳಿತು. ಅದು ಬಿಟ್ಟರೆ ಇನ್ನೇನೂ ಇಲ್ಲ. ಎಪ್ಪತ್ತು ಜನ ಎದ್ದು ನಿಂತಿದ್ದರು, ಕೈಗಳನ್ನು ಎದೆಯ ಮಟ್ಟಕ್ಕೆ ತಂದಿದ್ದವರೂ ಇದ್ದರು, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮುಂಚೆ ತಟ್ಟಿದರೆ ಅಪಚಾರ. ಪೆಟ್ಟಿಗೆ ಮೆಟ್ಟಿಲಿಳಿದು ಐದನೇ ಸಾಲು, ಏಳನೇ ಸಾಲು ದಾಟಿತು. ಯಾರು ಶುರು ಮಾಡಬೇಕೆಂದು ಇಡೀ ಸಭೆಯಲ್ಲಿ ಬಲ್ಲವನು ಒಬ್ಬನೇ, ಅವನ ಎರಡು ಕೈಯಲ್ಲೂ ಮುಚ್ಚಳ.

ಹತ್ತನೇ ಸಾಲಿನ ಹತ್ತಿರ ಯಾವೊರ್ ಬಲಗೈ ಬಿಡಿಸಿಕೊಂಡು ಮುಚ್ಚಳದ ಮೇಲೆಯೇ ಬಡಿದ. ಎರಡು ಸಲ. ಮೆಲ್ಲಗೆ ಬಡಿಯಬೇಕೆಂದುಕೊಂಡಿದ್ದ, ಟೊಳ್ಳು ಮರ, ಯಾರೋ ಒಳಗಿನಿಂದ ಬಾಗಿಲು ಬಡಿದಂತೆ ಕೇಳಿಸಿತು. ಒಬ್ಬ ಮುದುಕಿ ಶಿಲುಬೆ ಗುರುತು ಮಾಡಿಕೊಂಡಳು. ದೀಪದವನು, “ಹುಚ್ಚು ಹಿಡೀತೇನೋ, ಬಿಟ್ಬಿಡ್ತೀಯ,” ಎಂದು ಗದರಿದ. ಆಗ ಹಿಂದಿನಿಂದ ಒಂದು ಜೊತೆ ಕೈ ತಟ್ಟತೊಡಗಿತು. ಅದು ಪೆಂಚೊ ಮಾಮ. ಆಮೇಲೆ ಆರೇಳು ಜನ. ವಿಯೊಲೆತಾ ತಟ್ಟಿದಳೋ ಇಲ್ಲವೋ ಅವನಿಗೆ ಕಾಣಲಿಲ್ಲ. ಉಳಿದವರೂ ಸೇರಿಕೊಂಡು ಅದು ಚಪ್ಪಾಳೆಯೆನಿಸುವ ಹೊತ್ತಿಗೆ ಪೆಟ್ಟಿಗೆ ಹಜಾರಕ್ಕೆ ಬಂದಿತ್ತು. ಬಾಗಿಲು ತಾನಾಗಿ ಮುಚ್ಚಿಕೊಂಡು ಸದ್ದು ಒಳಗೇ ಉಳಿಯಿತು. ನಂಬರ್ ಬಿಲ್ಲೆಗಳ ಕೆಳಗೆ ಬರಿಯ ಬೂಟುಗಳ ಸದ್ದಿನೊಂದಿಗೆ ಆಕೆ ಬೀದಿಗೆ ಹೋದಳು.

ಹನ್ನೊಂದೂವರೆಗೆ ಮಕ್ಕಳು ಬಂದರು.

“ಮಾರ್ಚಿಗೆ ನಿನ್ನ ಕರಾರು ಮುಗಿಯುತ್ತೆ,” ಎಂದ ತ್ಸೋನೆವ್ ಸಂಜೆ. “ಮುಂದುವರಿಸಲ್ಲ. ಚೀಟಿ ಅಂಟಿಸೋದು ಚೆನ್ನಾಗಿ ಬರುತ್ತೆ ನಿಂಗೆ, ಅದನ್ನೇ ಹಿಡಿ.”

ಹೋಗುವ ಮುಂಚೆ ಯಾವೊರ್ ಪಟ್ಟಿ ಮುಗಿಸಿದ. ಇನ್ನೂರ ನಲವತ್ತಮೂರು ನಾಟಕ, ಮೂವತ್ತೊಂದು ಹಾಳೆ, ಎಲ್ಲ ಟೈಪು ಮಾಡಿದ್ದು. ಪೋಸ್ಟರಿನಲ್ಲಿರುವುದನ್ನು ಬಿಟ್ಟು ಒಂದಕ್ಷರ ಹೆಚ್ಚು ಬೇಡವೆಂದು ತ್ಸೋನೆವ್ ಮೊದಲೇ ಹೇಳಿದ್ದ. ಕೊನೆಯ ದಿನ ಯಾವೊರ್ ಗೂಡು ಖಾಲಿ ಮಾಡಲು ಇಳಿದಾಗ ದಿಂಬಿನ ಅಡಿ ಬೆರಳುದ್ದದ ಪೆನ್ಸಿಲು ಸಿಕ್ಕಿತು. ಅಲ್ಲೇ ಕೂತು, ನೂರ ಹದಿನೆಂಟನೆಯದರ ಎದುರು, ಎರಡನೇ ಪ್ರದರ್ಶನದಲ್ಲಿ ಸೊಸೆಯ ಪಾತ್ರ ನೆದೆಲ್ಕಾ ಪರುಶೆವಾ ಎಂದು ಬರೆದ.

ರಾಜಧಾನಿಗೆ ಕಳಿಸುವ ಪ್ರತಿ ತೆಗೆಯಲು ಹಾಳೆಗಳನ್ನು ಅವನೇ ನಕಲು ಯಂತ್ರಕ್ಕೆ ಹಾಕಿದ. ಮಸಿ ಮುಗಿಯುತ್ತ ಬಂದಿತ್ತು. ಟೈಪಿನ ಅಕ್ಷರ ಹೇಗೋ ಮೂಡಿತು, ಪೆನ್ಸಿಲಿನದು ಮೂಡಲಿಲ್ಲ. ಇನ್ನೊಂದು ಸಲ ಹಾಕಿದ, ಹಾಗೆಯೇ. ಜೇಬಿನಲ್ಲಿ ಪೆನ್ನಿತ್ತು. ಅಷ್ಟರಲ್ಲಿ ತ್ಸೋನೆವ್ ಬಂದು ಹಾಳೆಗಳನ್ನು ತೆಗೆದುಕೊಂಡು ತಿರುವಿದ. ನೂರ ಹದಿನೆಂಟರ ಹತ್ತಿರ ಬೆರಳಿಟ್ಟು ನೋಡಿದ. ಎದುರಿನ ಜಾಗ ಬೆಳ್ಳಗಿತ್ತು. ತಲೆಯಾಡಿಸಿದ.

“ಸರಿಯಿದೆ. ಮೂಲ ಪ್ರತಿ ಬೀರುವಿಗೆ ಹಾಕಿ ಬೀಗದಕೈ ಕೊಡು. ಇದನ್ನ ಲಕೋಟೆಗೆ ಹಾಕು.”

“ಆಯ್ತು ಸರ್,” ಎಂದ ಯಾವೊರ್. ಲಕೋಟೆಗೆ ಹಾಕಿದ. ಅಂಟು ಹಚ್ಚುವುದು ಅವನ ಕೆಲಸ, ಹಚ್ಚಿದ.